ಸೂರ್ಯನ ಎತ್ತರದ ಗ್ರಾಫ್ ಗರಗಸದ ಹಲ್ಲಿನ ಥರ ಬರುತ್ತಿದೆ, ಆಕ್ಟೇವ್ ಗೊತ್ತಿರುವವರು ಸ್ವಲ್ಪ ನೋಡಿ

ಪಾವಗಡದ ಬಿಸಿಲು · ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನಲ್ಲಿ ಬಿಎಸ್ಸಿ ಕೊನೇ ವರ್ಷ ಓದುತ್ತಿದ್ದೇನೆ. ಊರು ಪಾವಗಡ ತಾಲ್ಲೂಕು. ನಮ್ಮ ಹೊಲ ಈಗ ಸೋಲಾರ್ ಪಾರ್ಕಿನ ಒಳಗಿದೆ, ಅಪ್ಪ ಗುತ್ತಿಗೆಗೆ ಕೊಟ್ಟಿದ್ದಾರೆ. ಕಡಲೆಕಾಯಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಕಣ್ಣು ಹಾಯಿಸಿದಷ್ಟೂ ಪ್ಯಾನೆಲ್. ಅದಕ್ಕೇ ಪ್ರಾಜೆಕ್ಟಿಗೆ ಈ ವಿಷಯ ತೆಗೆದುಕೊಂಡೆ: ನಮ್ಮೂರಿನಲ್ಲಿ ಒಂದು ದಿನದಲ್ಲಿ ಸೂರ್ಯ ಎಷ್ಟೆಷ್ಟು ಹೊತ್ತಿಗೆ ಎಷ್ಟು ಎತ್ತರ ಇರುತ್ತಾನೆ ಅಂತ ಗ್ರಾಫ್ ಬಿಡಿಸುವುದು.

ಸೂತ್ರ ಪುಸ್ತಕದಲ್ಲಿದೆ. ಅಕ್ಷಾಂಶ 14.1 ಡಿಗ್ರಿ. ಡಿಸೆಂಬರ್ 21ಕ್ಕೆ ಸೂರ್ಯನ ಕ್ರಾಂತಿ (ಸಮಭಾಜಕದಿಂದ ಸೂರ್ಯ ಎಷ್ಟು ಉತ್ತರಕ್ಕೆ ಅಥವಾ ದಕ್ಷಿಣಕ್ಕೆ ಇದ್ದಾನೆ ಅನ್ನುವ ಕೋನ) ಮೈನಸ್ 23.45 ಡಿಗ್ರಿ. ಮಧ್ಯಾಹ್ನದಿಂದ ಒಂದೊಂದು ಗಂಟೆಗೆ 15 ಡಿಗ್ರಿ. ಆಕ್ಟೇವ್ ಅನ್ನುವ ಲೆಕ್ಕ ಮಾಡಿ ಗ್ರಾಫ್ ಬಿಡಿಸುವ ಸಾಫ್ಟ್‌ವೇರಿನಲ್ಲಿ ನಾನು ಬರೆದದ್ದು ಕೆಳಗಿದೆ. ನಮ್ಮ ವೇದಿಕೆಯ ರೂಢಿಯಂತೆ ಕೋಡನ್ನೂ ಕನ್ನಡ ಅಕ್ಷರದಲ್ಲೇ ಹಾಕಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಅಂತ ಎಲ್ಲರಿಗೂ ಗೊತ್ತಲ್ವಾ.

ಟಿ = 0:1:24;
ಡಿ = -23.45;
ಎಚ್ = 15*(ಟಿ - 12);
ಎಸ್ = ಸೈನ್(14.1)*ಸೈನ್(ಡಿ) + ಕಾಸ್(14.1)*ಕಾಸ್(ಡಿ)*ಕಾಸ್(ಎಚ್);
ಪ್ಲಾಟ್(ಟಿ, ಎಸ್)

ಟಿ ಅಂದರೆ ಗಂಟೆ, 0ಯಿಂದ 24ರವರೆಗೆ ಒಂದೊಂದರ ಹೆಜ್ಜೆ. ಡಿ ಅಂದರೆ ಕ್ರಾಂತಿ, ಎಚ್ ಅಂದರೆ ಮಧ್ಯಾಹ್ನದಿಂದ ಎಷ್ಟು ಡಿಗ್ರಿ, ಎಸ್ ಅಂದರೆ ಎತ್ತರದ ಸೈನ್. ಬೆಳಗ್ಗೆ ಏರಿ ಮಧ್ಯಾಹ್ನ ತುದಿ ಮುಟ್ಟಿ ಸಂಜೆ ಇಳಿಯುವ ಒಂದು ಗುಡ್ಡ ಬರಬೇಕಿತ್ತು. ಬಂದದ್ದು ಗರಗಸದ ಹಲ್ಲು. ಸುಮಾರು ಒಂಬತ್ತು ಹಲ್ಲು ಎಣಿಸಿದೆ. ಚುಕ್ಕಿ ಕಡಿಮೆಯಾಯಿತೇನೋ ಅಂತ 0:1:24 ಬದಲು 0:0.1:24 ಮಾಡಿದೆ. ಇನ್ನೂ ಕೆಟ್ಟಿತು, ಈಗ ಐವತ್ತಕ್ಕೂ ಜಾಸ್ತಿ ಹಲ್ಲು! ಎರಡು ದಿನದಿಂದ ಇದರಲ್ಲೇ ಇದ್ದೇನೆ. ಕೆಂಪು ಅಕ್ಷರದಲ್ಲಿ ತಪ್ಪು ಅಂತಲೂ ತೋರಿಸುತ್ತಿಲ್ಲ.

ಗುಬ್ಬಿ ಮೇಷ್ಟ್ರು · ಶನಿವಾರ ರಾತ್ರಿ 10:05

ತಾಯಿ, ಮೊದಲು ಗೆರೆಯನ್ನು ಬಿಡು, ಎಡಗಡೆಯ ಅಂಕಿ ನೋಡು. ಅಲ್ಲಿ ಎಷ್ಟರಿಂದ ಎಷ್ಟರವರೆಗೆ ಇದೆ?

ಪಾವಗಡದ ಬಿಸಿಲು · ಶನಿವಾರ ರಾತ್ರಿ 10:09

0.989ರಿಂದ 0.997 ಸರ್. ಅದರೊಳಗೇ ಹಲ್ಲು ಕುಣಿಯುತ್ತಿದೆ. ಅಂಕಿ ನೋಡೇ ಇರಲಿಲ್ಲ ನಾನು.

ಗುಬ್ಬಿ ಮೇಷ್ಟ್ರು · ಶನಿವಾರ ರಾತ್ರಿ 10:31

ಸರಿ. ಎತ್ತರದ ಸೈನ್ 0.99 ಅಂದರೆ ಎತ್ತರ ಸುಮಾರು 82 ಡಿಗ್ರಿ. ನಿನ್ನ ಗ್ರಾಫ್ ಪ್ರಕಾರ ನಡುರಾತ್ರಿ 12ಕ್ಕೂ ಪಾವಗಡದಲ್ಲಿ ಸೂರ್ಯ ನೆತ್ತಿಯ ಹತ್ತಿರವೇ ಇದ್ದಾನೆ. ಗೆರೆ ಹೇಗೇ ಬರಲಿ, ಅಂಕಿಯೇ ಹೇಳುತ್ತಿದೆ ಲೆಕ್ಕ ದಾರಿ ತಪ್ಪಿದೆ ಅಂತ. ಆಕ್ಟೇವ್ ತಾನೇ ಅಕ್ಷವನ್ನು ಹಿಗ್ಗಿಸಿ ಕುಗ್ಗಿಸಿ ಗೆರೆ ಪರದೆ ತುಂಬ ಬರುವ ಹಾಗೆ ಮಾಡಿಬಿಡುತ್ತದೆ. 0.004ರಷ್ಟು ಏರಿಳಿತವೂ ಬೆಟ್ಟದ ಹಾಗೆ ಕಾಣುತ್ತದೆ. ಅದಕ್ಕೇ ಅಂಕಿ ಮೊದಲು, ಆಮೇಲೆ ಗೆರೆ.

ಈಗ ಕಾರಣ. ಸೈನ್(90) ಅಂತ ಟೈಪ್ ಮಾಡಿ ನೋಡು. 1 ಬರಬೇಕು ಅಂದುಕೊಳ್ಳುತ್ತೇವೆ. ಬರುವುದು 0.8940. ಏಕೆಂದರೆ ಸೈನ್ ಕೇಳುವುದು ರೇಡಿಯನ್ (ಕೋನದ ಇನ್ನೊಂದು ಅಳತೆ, 360 ಡಿಗ್ರಿಗೆ 6.283). ನೀನು ಕೊಟ್ಟದ್ದು ಡಿಗ್ರಿ. 14.1 ಡಿಗ್ರಿಯ ಸೈನ್ 0.2436. 14.1 ರೇಡಿಯನ್‌ನ ಸೈನ್ 0.9993. ಇಡೀ ಸೂತ್ರ ಅಲ್ಲೇ ಹಾಳಾಯಿತು.

ಡಿಗ್ರಿಗೇ ಬೇರೆ ಫಂಕ್ಷನ್ ಇದೆ: ಸೈನ್‌ಡಿ, ಕಾಸ್‌ಡಿ, ಟ್ಯಾನ್‌ಡಿ. ಸೈನಿನಿಂದ ಕೋನಕ್ಕೆ ತಿರುಗಿ ಬರಲು ಎಸೈನ್‌ಡಿ. ಕೊನೆಯ ಡಿ ಅಕ್ಷರವೇ ಡಿಗ್ರಿ. ಅದನ್ನು ಹಾಕು. ಆದರೆ ಹಾಕುವ ಮೊದಲು ಒಂದು ಕೆಲಸ: ಡಿಸೆಂಬರ್ 21ರ ಮಧ್ಯಾಹ್ನ ನಿಮ್ಮೂರಿನಲ್ಲಿ ಎತ್ತರ ಎಷ್ಟು ಬರಬೇಕು ಅಂತ ಕಾಗದದ ಮೇಲೆ ಬರೆದಿಡು. 90ರಲ್ಲಿ 14.1 ಕಳೆ, 23.45 ಕಳೆ.

ಶಿರಾ ಗೇಟ್ · ಶನಿವಾರ ರಾತ್ರಿ 11:12

ಮೇಷ್ಟ್ರು ಹೇಳಿದ್ದು ಸರಿ. ನಾನು ಹಲ್ಲಿನ ಎಣಿಕೆ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಅದು ಬೇರೆಯದೇ ಪಾಠ.

ರೇಡಿಯನ್ ಲೆಕ್ಕದಲ್ಲಿ ಗಂಟೆಗೆ 15 ಅಂದರೆ 24 ಗಂಟೆಗೆ 360 ರೇಡಿಯನ್. ಒಂದು ಸುತ್ತಿಗೆ 6.283. ಭಾಗಿಸಿದರೆ 57 ಸುತ್ತು ಚಿಲ್ಲರೆ. ಅಂದರೆ ನೀವು ಬರೆದ ತಪ್ಪು ಸೂತ್ರದಲ್ಲಿ ನಿಜವಾಗಿ ಇರುವುದು 57 ಅಲೆ. 0.1ರ ಹೆಜ್ಜೆಯಲ್ಲಿ ಐವತ್ತಕ್ಕೂ ಜಾಸ್ತಿ ಕಂಡದ್ದು ಅದೇ. ಹಾಗಾದರೆ ಮೊದಲು ಕಂಡ ಒಂಬತ್ತು ಎಲ್ಲಿಂದ ಬಂತು? ಗಂಟೆಗೊಂದೇ ಚುಕ್ಕಿ ಇಟ್ಟಾಗ ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಅಲೆ ಎರಡು ಪೂರ್ತಿ ಸುತ್ತು ಹೊಡೆದು ಇನ್ನೂ 0.387 ಸುತ್ತು ಮುಂದೆ ಹೋಗಿರುತ್ತದೆ. ಆ ಎರಡು ಸುತ್ತು ಯಾರ ಕಣ್ಣಿಗೂ ಬೀಳುವುದಿಲ್ಲ. ಉಳಿದ 0.387 ಮಾತ್ರ ಕಾಣುತ್ತದೆ. 24ರಿಂದ ಗುಣಿಸಿ, 9.3. ನೀವು ಎಣಿಸಿದ ಒಂಬತ್ತು ಹಲ್ಲು.

ಇದನ್ನು ಏಲಿಯಾಸಿಂಗ್ ಅನ್ನುತ್ತಾರೆ. ಮನೆಯ ಕರೆಂಟಿನಲ್ಲೇ ನೋಡಬಹುದು. 50 ಹರ್ಟ್ಸ್ ಅಲೆಯನ್ನು 0:0.02:1 ಅಂತ ಹೆಜ್ಜೆ ಇಟ್ಟು ಬಿಡಿಸಿ. ಪ್ರತಿ ಚುಕ್ಕಿಯೂ ಅಲೆ ಸೊನ್ನೆ ದಾಟುವ ಜಾಗಕ್ಕೇ ಬೀಳುತ್ತದೆ. ಕರೆಂಟೇ ಇಲ್ಲ ಅನ್ನುತ್ತದೆ ಗ್ರಾಫ್. ಅದೂ ಸುಮ್ನೆ ನೇರ ಗೆರೆ ಕೊಡುವುದಿಲ್ಲ, ದಶಾಂಶದ ಹದಿನಾಲ್ಕನೇ ಸ್ಥಾನದ ಕಸವನ್ನು ಪರದೆ ತುಂಬ ಹಿಗ್ಗಿಸಿ ತೋರಿಸುತ್ತದೆ. ಹೆಜ್ಜೆಯನ್ನು 0.021 ಮಾಡಿ, ಸೆಕೆಂಡಿಗೆ ಎರಡು ಚಿಲ್ಲರೆ ಅಲೆಯ ನುಣುಪಾದ ಚಂದದ ಗೆರೆ ಬರುತ್ತದೆ. ನೋಡಲು ಎಷ್ಟು ಚಂದವೋ ಅಷ್ಟೇ ಸುಳ್ಳು. 0.001 ಮಾಡಿದಾಗ ಮಾತ್ರ ನಿಜ ಕಾಣುತ್ತದೆ.

ಪಾವಗಡದ ಬಿಸಿಲು · ಭಾನುವಾರ ಬೆಳಗ್ಗೆ 7:20

ಬಂತು ಸರ್! ಗುಡ್ಡ ಬಂತು! ಕಾಗದದ ಮೇಲೆ 52.45 ಬರೆದಿಟ್ಟಿದ್ದೆ. ಎಸೈನ್‌ಡಿ(ಎಸ್) ಹಾಕಿ 12 ಗಂಟೆಯ ಬೆಲೆ ನೋಡಿದೆ, ಸರಿಯಾಗಿ 52.45. ಗೆರೆ ಸೊನ್ನೆ ದಾಟುವುದು ಬೆಳಗ್ಗೆ 6:25ಕ್ಕೆ, ಸಂಜೆ 5:35ಕ್ಕೆ. ಹಗಲು 11 ಗಂಟೆ 10 ನಿಮಿಷ. ನಮ್ಮಜ್ಜಿ ಮಾರ್ಗಶಿರದಲ್ಲಿ ಹೊತ್ತು ಬೇಗ ಮುಳುಗುತ್ತದೆ, ದನ ಬೇಗ ಹೊಡೆದುಕೊಂಡು ಬಾ ಅನ್ನುತ್ತಿದ್ದರು. ಆ ಮಾತು ಗೆರೆಯಾಗಿ ಪರದೆ ಮೇಲೆ ನಿಂತಿದ್ದು ನೋಡಿ ಏನೋ ಒಂಥರಾ ಆಯಿತು.

ಮುಂದಿನ ಹೆಜ್ಜೆಯಲ್ಲಿ ಮತ್ತೆ ಸಿಕ್ಕಿಕೊಂಡಿದ್ದೇನೆ. ಸೂರ್ಯ ಕೆಳಗಿದ್ದಾಗ ಬಿಸಿಲು ಜಾಸ್ತಿ ಗಾಳಿ ದಾಟಿ ಬರಬೇಕು. ನೆತ್ತಿಯ ಮೇಲಿದ್ದರೆ 1 ಪಾಲು, 30 ಡಿಗ್ರಿಯಲ್ಲಿದ್ದರೆ 2 ಪಾಲು. ಏರ್ ಮಾಸ್ ಅನ್ನುತ್ತಾರೆ. ಸರಳ ಸೂತ್ರ ಒಂದರ ಕೆಳಗೆ ಎಸ್. ಅದಕ್ಕೆ

ಎಂ = 1/ಎಸ್;

ಅಂತ ಹಾಕಿದರೆ ಕೆಂಪಾಗಿ ಬೈಯುತ್ತಿದೆ: ಆಪರೇಟರ್ /, ನಾನ್‌ಕನ್‌ಫಾರ್ಮೆಂಟ್ ಆರ್ಗ್ಯುಮೆಂಟ್ಸ್, ಒಂದು 1×1, ಇನ್ನೊಂದು 1×241.

ಕೋಲಾರದಕ್ಕ · ಭಾನುವಾರ ಬೆಳಗ್ಗೆ 9:02

ಪಾಪು, ಆ ಕೆಂಪು ಸಾಲಿಗೆ ಹೆದರಬೇಡ, ಅದು ನಿನ್ನ ಪಕ್ಷದ್ದೇ. 1×1 ಅಂದರೆ ನಿನ್ನ ಒಂದು ಅನ್ನುವ ಅಂಕಿ. 1×241 ಅಂದರೆ ಸಾಲಾಗಿ ಕೂತ 241 ಅಂಕಿ. ಆಕ್ಟೇವ್‌ಗೆ ಬರೀ ಓರೆಗೆರೆ ಕೊಟ್ಟರೆ ಅದು ಮ್ಯಾಟ್ರಿಕ್ಸ್ ಭಾಗಾಕಾರ, ಅಂದರೆ ಅಂಕಿಗಳ ಕೋಷ್ಟಕವನ್ನು ಇಡಿಯಾಗಿ ಭಾಗಿಸುವುದು ಅಂದುಕೊಳ್ಳುತ್ತದೆ. ಅಳತೆ ಹೊಂದುವುದಿಲ್ಲ ಅಂತ ನಿಲ್ಲಿಸುತ್ತದೆ.

ಓರೆಗೆರೆಯ ಮುಂದೆ ಒಂದು ಚುಕ್ಕಿ ಇಡು:

ಎಂ = 1./ಎಸ್;

ಚುಕ್ಕಿ ಇಟ್ಟರೆ ಪಂಕ್ತಿಯಲ್ಲಿ ಕೂತವರಿಗೆ ಒಬ್ಬೊಬ್ಬರ ಎಲೆಗೂ ಬಡಿಸಿದ ಹಾಗೆ. 241 ಎಲೆ, 241 ಸಲ ಬಡಿಸುವುದು. ಗುಣಾಕಾರಕ್ಕೆ .* ಮತ್ತು ಘಾತಕ್ಕೆ .^ ಅದೇ ನಿಯಮ. ನಿನ್ನ ಮೊದಲ ಸೂತ್ರದಲ್ಲಿ ಚುಕ್ಕಿ ಇಲ್ಲದೆ ನಡೆಯಿತು, ಏಕೆಂದರೆ ಅಲ್ಲಿ ಸಾಲಾಗಿದ್ದದ್ದು ಕಾಸ್‌ಡಿ(ಎಚ್) ಒಂದೇ, ಉಳಿದವೆಲ್ಲ ಒಂಟಿ ಅಂಕಿ. ಒಂಟಿ ಅಂಕಿಯಿಂದ ಸಾಲನ್ನು ಗುಣಿಸಲು ಚುಕ್ಕಿ ಬೇಡ.

ಇನ್ನೊಂದು ವಿಷಯ, ಇದನ್ನು ನಾನು ಒಂದು ಸಲ ಪೂರ್ತಿ ಒಂದು ವಾರ ಕಳೆದುಕೊಂಡು ಕಲಿತದ್ದು. ನಿನ್ನ ಟಿ ಅಡ್ಡಸಾಲು, ಅದಕ್ಕೇ ಕೆಂಪು ಬಂತು. ಅದೇ ಟಿ ಕಂಬಸಾಲಾಗಿದ್ದರೆ, ಫೈಲಿನಿಂದ ಓದಿದ ಅಂಕಿ ಬಹಳ ಸಲ ಹಾಗೇ ಇರುತ್ತದೆ, 1/ಎಸ್ ಬೈಯುವುದೇ ಇಲ್ಲ. ಸುಮ್ಮನೆ ಉತ್ತರ ಕೊಡುತ್ತದೆ. ಚಿಕ್ಕದಾಗಿ ನೋಡು:

1/[1;2;3]

ಇದಕ್ಕೆ 1, 0.5, 0.333 ಬರಬೇಕು ಅಂದುಕೊಳ್ಳುತ್ತೀಯ. ಬರುವುದು 0.0714, 0.1429, 0.2143. ಒಂದು, ಎರಡು, ಮೂರನ್ನು 14ರಿಂದ ಭಾಗಿಸಿದ್ದು ಅದು. 14 ಹೇಗೆ ಅಂದರೆ 1, 4, 9 ಕೂಡಿಸಿದ್ದು. ಆಕ್ಟೇವ್ ತಪ್ಪು ಮಾಡಿಲ್ಲ, ನೀನು ಕೇಳದೇ ಇದ್ದ ಒಂದು ಸಮೀಕರಣವನ್ನು ಬಿಡಿಸಿಕೊಟ್ಟಿದೆ. ಏನಾಯಿತು ನೋಡು: ಇಳಿಯಬೇಕಾದ ಅಂಕಿ ಏರುತ್ತಿದೆ. ನಿನ್ನ ಏರ್ ಮಾಸಿಗೆ ಹೀಗಾಗಿದ್ದರೆ ಮಧ್ಯಾಹ್ನ ಕಡಿಮೆ ಇರಬೇಕಾದದ್ದು ಮಧ್ಯಾಹ್ನವೇ ಜಾಸ್ತಿ ಕಾಣುತ್ತಿತ್ತು. ಗೆರೆ ಮಾತ್ರ ಬಲು ನುಣುಪು.

ಪಾವಗಡದ ಬಿಸಿಲು · ಭಾನುವಾರ ಮಧ್ಯಾಹ್ನ 12:48

ಅಕ್ಕ, ಚುಕ್ಕಿ ಇಟ್ಟೆ, ಕೆಂಪು ಹೋಯಿತು. ಆದರೆ ಗ್ರಾಫ್ ನೋಡಿದರೆ ಎರಡು ಕಡೆ ಉದ್ದುದ್ದ ಮುಳ್ಳು, ನಡುವೆ ಎಲ್ಲ ಚಪ್ಪಟೆ. ಮೇಷ್ಟ್ರು ಹೇಳಿದ ಹಾಗೆ ಮೊದಲು ಅಂಕಿ ನೋಡಿದೆ. ಕೆಳಗೆ ಮೈನಸ್ 250 ದಾಟಿದೆ. ಗಾಳಿ ಮೈನಸ್ ಹೇಗಾಗುತ್ತದೆ?

ಗುಬ್ಬಿ ಮೇಷ್ಟ್ರು · ಭಾನುವಾರ ಮಧ್ಯಾಹ್ನ 2:30

ಒಳ್ಳೇ ಜಾಗಕ್ಕೆ ಬಂದಿದ್ದೀಯ. ಇದರ ಬಗ್ಗೆ ನಿಧಾನವಾಗಿ ಹೇಳುತ್ತೇನೆ.

ನಾವು ಕರಿಹಲಗೆ ಮೇಲೆ ಒಂದರ ಕೆಳಗೆ ಎಕ್ಸ್ ಗ್ರಾಫ್ ಬಿಡಿಸುವಾಗ ಸೊನ್ನೆಯ ಹತ್ತಿರ ಕೈ ತಾನೇ ನಿಲ್ಲುತ್ತದೆ. ಗೆರೆ ಮೇಲೆ ಹೋಗುತ್ತದೆ, ಸೀಮೆಸುಣ್ಣ ಎತ್ತುತ್ತೇವೆ, ಆ ಕಡೆ ಕೆಳಗಿನಿಂದ ಮತ್ತೆ ಶುರು ಮಾಡುತ್ತೇವೆ. ಪ್ಲಾಟ್ ಅನ್ನುವ ಆಜ್ಞೆಗೆ ಆ ಸೀಮೆಸುಣ್ಣ ಎತ್ತುವುದು ಗೊತ್ತಿಲ್ಲ. ಅದಕ್ಕೆ ನಿನ್ನ ಸೂತ್ರವೇ ಗೊತ್ತಿಲ್ಲ. ಅದರ ಕೈಗೆ ಸಿಗುವುದು 241 ಚುಕ್ಕಿ ಮಾತ್ರ. ಬಾಗಿಲ ಮುಂದೆ ಚುಕ್ಕಿ ರಂಗೋಲಿ ಹಾಕುವಾಗ ಚುಕ್ಕಿ ಇಟ್ಟು ಸೇರಿಸುತ್ತಾರಲ್ವಾ, ಹಾಗೆ ಒಂದರಿಂದ ಇನ್ನೊಂದಕ್ಕೆ ನೇರ ಗೆರೆ ಎಳೆಯುತ್ತದೆ, ಅಷ್ಟೇ. ಯಾವ ಚುಕ್ಕಿಯನ್ನು ಯಾವುದಕ್ಕೆ ಸೇರಿಸಬಾರದು ಅನ್ನುವುದು ರಂಗೋಲಿ ಹಾಕುವವಳಿಗೆ ಗೊತ್ತು. ಪ್ಲಾಟಿಗೆ ನೀನು ಹೇಳಬೇಕು.

ನಿನ್ನ ಲೆಕ್ಕದಲ್ಲೇ ನೋಡು. 6.4 ಗಂಟೆಗೆ ಎಸ್ ಮೈನಸ್ 0.0039. ಸೂರ್ಯ ಇನ್ನೂ ಕೆಳಗೆ ಇದ್ದಾನೆ, ಒಂಚೂರು ಮಾತ್ರ. ಒಂದನ್ನು ಅದರಿಂದ ಭಾಗಿಸಿದರೆ ಮೈನಸ್ 254. 6.5 ಗಂಟೆಗೆ ಎಸ್ 0.0192, ಭಾಗಿಸಿದರೆ ಪ್ಲಸ್ 52. ಈ ಎರಡು ಚುಕ್ಕಿಯನ್ನು ಪ್ಲಾಟ್ ನೆಟ್ಟಗೆ ಸೇರಿಸಿಬಿಟ್ಟಿತು. ಅದೇ ಮುಳ್ಳು. ಸಂಜೆಯೂ ಅದೇ. ಮುಳ್ಳು ಅಷ್ಟುದ್ದ ಆದ ಮೇಲೆ ನಡುವಿನ 1, 2, 3 ಎಲ್ಲ ನೆಲಕ್ಕಂಟಿ ಹೋದವು.

ಪರಿಹಾರ ಎರಡು ಸಾಲು. ರಾತ್ರಿಯ ಬೆಲೆಗಳನ್ನು ನ್ಯಾನ್ ಮಾಡು. ನ್ಯಾನ್ ಅಂದರೆ ಅಂಕಿಯಲ್ಲ ಅಂತ. ನ್ಯಾನ್ ಬಂದ ಕಡೆ ಪ್ಲಾಟ್ ಗೆರೆ ಎಳೆಯುವುದಿಲ್ಲ, ಸೀಮೆಸುಣ್ಣ ಎತ್ತುತ್ತದೆ.

ಎಸ್(ಎಸ್ <= 0) = ನ್ಯಾನ್;
ಪ್ಲಾಟ್(ಟಿ, 1./ಎಸ್), ವೈಲಿಮ್([0 10])

ವೈಲಿಮ್ ಹಾಕಿ ಮೇಲೆ 10ಕ್ಕೆ ಕತ್ತರಿಸಿದ್ದಕ್ಕೆ ಕಾರಣ ಇದೆ. ಎತ್ತರ 10 ಡಿಗ್ರಿ ಇದ್ದಾಗ ಈ ಸೂತ್ರ 5.76 ಕೊಡುತ್ತದೆ, ಅಲ್ಲಿಯವರೆಗೆ ನಂಬಬಹುದು. ದಿಗಂತಕ್ಕೆ ಬಂದರೆ ಸೂತ್ರ ಅನಂತ ಅನ್ನುತ್ತದೆ. ಭೂಮಿ ಗುಂಡಗಿರುವುದರಿಂದ ನಿಜವಾದ ಬೆಲೆ ಸುಮಾರು 38ಕ್ಕೇ ನಿಲ್ಲುತ್ತದೆ. ಇದನ್ನು ಪ್ರಾಜೆಕ್ಟಿನಲ್ಲಿ ಒಂದು ಸಾಲು ಬರೆ. ಯಾಕೆ ಕತ್ತರಿಸಿದೆ ಅಂತ ಹೇಳದೆ ಕತ್ತರಿಸಿದ ಗ್ರಾಫ್ ನನಗೆ ಇಷ್ಟವಾಗುವುದಿಲ್ಲ.

ತಿಪಟೂರು ತೆಂಗು · ಭಾನುವಾರ ಸಂಜೆ 5:15

ಎಲ್ಲ ಓದುತ್ತಿದ್ದೇನೆ, ಬಹಳ ಚೆನ್ನಾಗಿದೆ. ನಾನು ಡಿಪ್ಲೊಮಾ. ಇದಕ್ಕೆಲ್ಲ ಮ್ಯಾಟ್‌ಲ್ಯಾಬ್ ಸಾಫ್ಟ್‌ವೇರ್ ಕೊಂಡುಕೊಳ್ಳಬೇಕಾ? ನಮ್ಮ ಲ್ಯಾಬಿನಲ್ಲಿ ಅದೇ ಇದೆ, ಮನೆಯಲ್ಲಿ ಇಲ್ಲ.

ಶಿರಾ ಗೇಟ್ · ಭಾನುವಾರ ಸಂಜೆ 5:40

ಬೇಡಪ್ಪ. ಆಕ್ಟೇವ್ ಪೂರ್ತಿ ಉಚಿತ. ಇಲ್ಲಿ ಬರೆದ ಸಾಲುಗಳೆಲ್ಲ ಮ್ಯಾಟ್‌ಲ್ಯಾಬಿನಲ್ಲೂ ಹೀಗೇ ಬರೆಯಬಹುದು. ಮ್ಯಾಟ್‌ಲ್ಯಾಬನ್ನು ಶುರು ಮಾಡಿದವರು ಕ್ಲೀವ್ ಮೋಲರ್, ವಿದ್ಯಾರ್ಥಿಗಳಿಗೆ ಸುಲಭ ಆಗಲಿ ಅಂತ. ಅದು ಕಂಪನಿಯಾದದ್ದು 1984ರಲ್ಲಿ. ಆಕ್ಟೇವನ್ನು ಜಾನ್ ಈಟನ್ 1992ರಲ್ಲಿ ಬರೆಯಲು ಕೂತರು, ಅದೂ ಕೆಮಿಕಲ್ ಇಂಜಿನಿಯರಿಂಗ್ ಹುಡುಗರ ಪಾಠಕ್ಕೆ. ಹೆಸರು ಸಂಗೀತದ್ದಲ್ಲ, ಅವರ ಮೇಷ್ಟ್ರು ಆಕ್ಟೇವ್ ಲೆವೆನ್‌ಸ್ಪೀಲ್ ಅವರದ್ದು. ಮೇಷ್ಟ್ರ ಹೆಸರನ್ನು ಇಟ್ಟಿದ್ದಾರೆ ಅನ್ನುವುದೇ ನನಗೆ ಇಷ್ಟ.

2015ರ ನಾಲ್ಕನೇ ಆವೃತ್ತಿಯಿಂದ ಕಿಟಕಿ, ಮೆನು ಎಲ್ಲ ಜೊತೆಗೇ ಬರುತ್ತವೆ. ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, ಹಾಕಿಕೊಳ್ಳಿ.

ಗೌರಿಬಿದನೂರು ಆಂಟೆನಾ · ಭಾನುವಾರ ರಾತ್ರಿ 8:55

ಮೇಷ್ಟ್ರು ಸೀಮೆಸುಣ್ಣ ಎತ್ತುವ ಮಾತು ಹೇಳಿದರಲ್ಲ, ಅದರ ಅಕ್ಕತಂಗಿ ಒಂದು ನಮ್ಮ ಕಡೆ ಇದೆ.

ನಮ್ಮೂರಿನ ಹೊರಗೆ ರೇಡಿಯೊ ದೂರದರ್ಶಕ ಇದೆ. ತಟ್ಟೆ ಆಕಾರದ್ದಲ್ಲ. ಹೊಲದಂಥ ಬಯಲಿನಲ್ಲಿ ಇಂಗ್ಲಿಷಿನ ಟಿ ಅಕ್ಷರದ ಹಾಗೆ ಸಾಲು ಸಾಲು ಆಂಟೆನಾ. 34.5 ಮೆಗಾಹರ್ಟ್ಸಿಗೆ ಅಂತ ಕಟ್ಟಿದ್ದು, ಅಂದರೆ ಒಂದು ಅಲೆಯ ಉದ್ದ 8.7 ಮೀಟರ್. ಇಂಥ ಸಾಲು ಆಂಟೆನಾ ಯಾವ ದಿಕ್ಕಿನಿಂದ ಎಷ್ಟು ಕೇಳಿಸಿಕೊಳ್ಳುತ್ತದೆ ಅನ್ನುವುದಕ್ಕೆ ಒಂದು ಸೂತ್ರ ಇದೆ. ಎನ್ ಆಂಟೆನಾ ಇದ್ದರೆ

ವೈ = ಸೈನ್(ಎನ್*ಯು)./(ಎನ್*ಸೈನ್(ಯು));

ಇಲ್ಲಿ ಯು ಅಂದರೆ ದಿಕ್ಕಿಗೆ ತಕ್ಕ ಹಾಗೆ ಬದಲಾಗುವ ಕೋನ. ಎನ್ 16 ಇಟ್ಟು ಬಿಡಿಸಿ ನೋಡಿ. ನಡುವೆ ದೊಡ್ಡ ಶಿಖರ, ಎರಡೂ ಕಡೆ ಚಿಕ್ಕ ಚಿಕ್ಕ ದಿಬ್ಬ. ಯು ಸೊನ್ನೆ ಆದಾಗ ಮೇಲೂ ಸೊನ್ನೆ ಕೆಳಗೂ ಸೊನ್ನೆ. ಅಲ್ಲಿ ಬೆಲೆ 1 ಅಂತ ನಮಗೆ ಗೊತ್ತು, ಮಿತಿ ತೆಗೆದರೆ ಬರುತ್ತದೆ. ಆಕ್ಟೇವ್ 0/0 ನೋಡಿ ನ್ಯಾನ್ ಕೊಡುತ್ತದೆ. ಶಿಖರದ ನೆತ್ತಿಯಲ್ಲೇ ಸಣ್ಣ ಬಿರುಕು. ಮೇಷ್ಟ್ರು ನ್ಯಾನ್ ಬೇಕು ಅಂತ ಹಾಕಿಸಿದರು, ಇಲ್ಲಿ ಅದನ್ನು ನಾವೇ ತೆಗೆಯಬೇಕು:

ವೈ(ಯು == 0) = 1;

ಚುಕ್ಕಿಗಳ ಸಂಖ್ಯೆಯಲ್ಲೂ ಒಂದು ವಿಚಿತ್ರ ಇದೆ. ಮೈನಸ್ 1.5ರಿಂದ 1.5ರವರೆಗೆ ಲಿನ್‌ಸ್ಪೇಸಿನಲ್ಲಿ (ಸಮ ಅಂತರದಲ್ಲಿ ಚುಕ್ಕಿ ಇಡುವ ಆಜ್ಞೆ) 100 ಚುಕ್ಕಿ ಇಟ್ಟರೆ ಸೊನ್ನೆ ಎರಡು ಚುಕ್ಕಿಗಳ ನಡುವೆ ತಪ್ಪಿಸಿಕೊಳ್ಳುತ್ತದೆ, ಬಿರುಕು ಕಾಣುವುದಿಲ್ಲ. ಚುಕ್ಕಿ ಬೆಸ ಸಂಖ್ಯೆಯಲ್ಲಿದ್ದು ನಡುವಿನದು ಸರಿಯಾಗಿ ಸೊನ್ನೆಗೆ ಬಿದ್ದರೆ ಕಾಣುತ್ತದೆ. ಅದೃಷ್ಟದಿಂದ ಸರಿ ಬಂದ ಗ್ರಾಫಿಗೂ ತಿಳಿದು ಸರಿ ಮಾಡಿದ ಗ್ರಾಫಿಗೂ ನೋಟದಲ್ಲಿ ವ್ಯತ್ಯಾಸ ಇರುವುದಿಲ್ಲ. ನಾನು ಮಾತ್ರ 50 ಚುಕ್ಕಿಗೆ ತೃಪ್ತಿಪಡುವುದಿಲ್ಲ. ಒಂದೊಂದು ದಿಬ್ಬಕ್ಕೆ ಮೂರೇ ಚುಕ್ಕಿ ಬಿದ್ದು ದಿಬ್ಬವೆಲ್ಲ ಗುಡಿಸಲಿನ ಹಾಗೆ ಚೂಪಾಗುತ್ತದೆ. 500 ಇಡಿ. ಆಮೇಲೆ 1000 ಇಟ್ಟು ನೋಡಿ. ಎರಡೂ ಒಂದೇ ಥರ ಕಂಡರೆ 500 ಸಾಕು.

ಪಾವಗಡದ ಬಿಸಿಲು · ಮಂಗಳವಾರ ರಾತ್ರಿ 9:10

ಎರಡು ದಿನ ಬರಲಾಗಲಿಲ್ಲ, ಇಂಟರ್ನಲ್ಸ್ ಇತ್ತು. ಈಗ ಹೇಳುವುದನ್ನು ದಯವಿಟ್ಟು ಪೂರ್ತಿ ಓದಿ, ಇದು ನಾನೇ ಹಿಡಿದ ತಪ್ಪು.

ಒಂದೇ ದಿನ ಸಾಲದು, ಇಡೀ ವರ್ಷ ಒಂದೇ ಚಿತ್ರದಲ್ಲಿ ಬರಲಿ ಅಂದುಕೊಂಡೆ. ಅಡ್ಡಕ್ಕೆ ಹೊತ್ತು, ಉದ್ದಕ್ಕೆ ದಿನ. ಎರಡು ಸಾಲಿನಿಂದ ಅಂಕಿಗಳ ಜಾಲ ಮಾಡುವ ಮೆಶ್‌ಗ್ರಿಡ್ ಬಗ್ಗೆ ಓದಿ ಹೀಗೆ ಬರೆದೆ:

ಎನ್1 = ಲಿನ್‌ಸ್ಪೇಸ್(1, 365);
ಎಚ್1 = ಲಿನ್‌ಸ್ಪೇಸ್(-180, 180);
ಡಿ1 = 23.45*ಸೈನ್‌ಡಿ(360/365*(284 + ಎನ್1));
[ಎಚ್, ಡಿ] = ಮೆಶ್‌ಗ್ರಿಡ್(ಎಚ್1, ಡಿ1);
ಎಸ್ = ಸೈನ್‌ಡಿ(14.1)*ಸೈನ್‌ಡಿ(ಡಿ) + ಕಾಸ್‌ಡಿ(14.1)*ಕಾಸ್‌ಡಿ(ಡಿ)*ಕಾಸ್‌ಡಿ(ಎಚ್);
ಕಾಂಟೂರ್(ಎಚ್1, ಎನ್1, ಎಸ್, [0 0])

ಕೊನೆಯ ಸಾಲು ಸೊನ್ನೆಯ ಗೆರೆ ಮಾತ್ರ ಬಿಡಿಸುತ್ತದೆ, ಅಂದರೆ ಹುಟ್ಟುವ ಮುಳುಗುವ ಹೊತ್ತು. ಕೆಂಪು ಬರಲಿಲ್ಲ. ಎರಡು ಗೆರೆ ಬಂತು, ಮೈನಸ್ 90ಕ್ಕೊಂದು, 90ಕ್ಕೊಂದು. ಎರಡೂ ಅಳತೆಪಟ್ಟಿ ಇಟ್ಟ ಹಾಗೆ ನೆಟ್ಟಗೆ. ನನ್ನ ಗೆಳತಿ ನೋಡಿ ಎಷ್ಟು ನೀಟಾಗಿದೆ ಅಂದಳು.

ನನಗೆ ಯಾಕೋ ಸರಿ ಅನಿಸಲಿಲ್ಲ. ನೆಟ್ಟಗಿದೆ ಅಂದರೆ ವರ್ಷವೆಲ್ಲ ಹಗಲು 12 ಗಂಟೆ. ಹಾಗಾದರೆ ಅಜ್ಜಿ ದನ ಬೇಗ ಹೊಡೆದುಕೊಂಡು ಬಾ ಅನ್ನುತ್ತಿದ್ದದ್ದು? ಭಾನುವಾರ ನಾನೇ ಬಿಡಿಸಿದ 11 ಗಂಟೆ 10 ನಿಮಿಷ? ಮೊದಲು ಅಂಕಿ ಅಂತ ನೆನಪಾಗಿ ಎಸ್‌ನ ಅತಿ ದೊಡ್ಡ ಬೆಲೆ ತೆಗೆದೆ. 97 ಹತ್ತಿರ! ಸೈನ್ 1ಕ್ಕಿಂತ ಜಾಸ್ತಿ ಆಗುವುದೇ ಇಲ್ಲವಲ್ಲ.

ಆಮೇಲೆ ಕಂಡಿತು. ಕೊನೆಯ ಗುಣಾಕಾರಕ್ಕೆ ಚುಕ್ಕಿ ಇಟ್ಟಿರಲಿಲ್ಲ. ಕಾಸ್‌ಡಿ(ಡಿ).*ಕಾಸ್‌ಡಿ(ಎಚ್) ಮಾಡಿದ ಕೂಡಲೇ ಎರಡು ಗೆರೆಯೂ ಬಾಗಿದವು. ಜೂನಿನಲ್ಲಿ ದೂರ ದೂರ, ಡಿಸೆಂಬರಿನಲ್ಲಿ ಹತ್ತಿರ. ಜೂನ್ 21ಕ್ಕೆ 12 ಗಂಟೆ 50 ನಿಮಿಷ, ಡಿಸೆಂಬರ್ 21ಕ್ಕೆ 11 ಗಂಟೆ 10 ನಿಮಿಷ. ಆದರೆ ಅಕ್ಕ, ಮೊನ್ನೆ ಬೈದ ಆಕ್ಟೇವ್ ಈ ಸಲ ಯಾಕೆ ಬೈಯಲಿಲ್ಲ?

ಕೋಲಾರದಕ್ಕ · ಮಂಗಳವಾರ ರಾತ್ರಿ 10:20

ಪಾಪು, ನಿನ್ನ ಬರಹ ಎರಡು ಸಲ ಓದಿದೆ. ಇದನ್ನು ಒಬ್ಬಳೇ ಹಿಡಿದೆಯಲ್ಲ, ಬಹಳ ಸಂತೋಷ ಆಯಿತು.

ಲಿನ್‌ಸ್ಪೇಸಿಗೆ ಎಷ್ಟು ಚುಕ್ಕಿ ಅಂತ ಹೇಳದಿದ್ದರೆ ಅದು 100 ಇಡುತ್ತದೆ. ನೀನು ಎರಡು ಕಡೆಯೂ ಹೇಳಲಿಲ್ಲ. ಹಾಗಾಗಿ ಎರಡೂ 100×100ರ ಚೌಕ ಆದವು. ಚೌಕಕ್ಕೆ ಚೌಕ ಮ್ಯಾಟ್ರಿಕ್ಸ್ ಗುಣಾಕಾರ ಸಲೀಸಾಗಿ ನಡೆಯುತ್ತದೆ, ಬೈಯಲು ಕಾರಣವೇ ಇಲ್ಲ. ಅಡ್ಡಸಾಲಿನ 100 ಅಂಕಿಯನ್ನು ಕಂಬಸಾಲಿನ 100 ಅಂಕಿಯ ಜೊತೆ ಗುಣಿಸಿ ಎಲ್ಲ ಕೂಡಿಸುವುದು ಅದರ ಕೆಲಸ. ಮೆಶ್‌ಗ್ರಿಡ್ಡಿನಲ್ಲಿ ಡಿಯ ಒಂದು ಅಡ್ಡಸಾಲು ಪೂರ್ತಿ ಒಂದೇ ಅಂಕಿ. ಎಚ್‌ನ ಒಂದು ಕಂಬಸಾಲು ಪೂರ್ತಿ ಒಂದೇ ಅಂಕಿ. ಹಾಗಾಗಿ ಅದೇ ಗುಣಲಬ್ಧವನ್ನು 100 ಸಲ ಕೂಡಿಸಿದಂತಾಯಿತು. ಸರಿಯಾದ ಉತ್ತರದ ನೂರು ಪಟ್ಟು. 0.97 ಇರಬೇಕಾದದ್ದು 97.

ಎರಡನೇ ಪದ ನೂರು ಪಟ್ಟು ಹಿಗ್ಗಿದಾಗ ಮೊದಲನೇ ಪದ ಲೆಕ್ಕಕ್ಕೇ ಬರಲಿಲ್ಲ. ಆ ಮೊದಲನೇ ಪದ, ಸೈನ್‌ಡಿ(14.1)*ಸೈನ್‌ಡಿ(ಡಿ), ಅದರಲ್ಲೇ ಅಲ್ವಾ ಬೇಸಿಗೆ ಚಳಿಗಾಲ ಇರುವುದು? ಅದು ಅಳಿಸಿಹೋದ ಮೇಲೆ ದಿನವೆಲ್ಲ ಸಮ. ಒಂದು ಚುಕ್ಕಿ ಬಿಟ್ಟಿದ್ದಕ್ಕೆ ನಿಮ್ಮೂರಿನ ಋತುವೇ ಹೋಯಿತು.

ಇನ್ನು ಮೇಲೆ ಒಂದು ಅಭ್ಯಾಸ ಮಾಡಿಕೋ. ಎರಡು ದಿಕ್ಕಿಗೂ ಬೇರೆ ಬೇರೆ ಸಂಖ್ಯೆಯ ಚುಕ್ಕಿ ಇಡು. ದಿನಕ್ಕೆ 365, ಹೊತ್ತಿಗೆ 241. ಆಗ ಗುಣಾಕಾರದ ಮುಂದಿನ ಚುಕ್ಕಿ ಮರೆತರೆ ಅಳತೆ ಹೊಂದದೆ ಆಕ್ಟೇವ್ ತಾನೇ ಕೆಂಪಾಗುತ್ತದೆ. ನಾನು ಈಗ ಬೇಕಂತಲೇ ಚೌಕ ಮಾಡುವುದಿಲ್ಲ.

ಗುಬ್ಬಿ ಮೇಷ್ಟ್ರು · ಮಂಗಳವಾರ ರಾತ್ರಿ 10:52

ಅಜ್ಜಿಯ ಮಾತಿನಿಂದ ಮ್ಯಾಟ್ರಿಕ್ಸಿನ ತಪ್ಪು ಹಿಡಿದದ್ದು ನಾನು ಇದೇ ಮೊದಲು ನೋಡಿದ್ದು. ನಾಳೆ ಕ್ಲಾಸಿನಲ್ಲಿ ಹೇಳುತ್ತೇನೆ.

ಒಂದು ಸಣ್ಣ ತಿದ್ದುಪಡಿ. ಪಂಚಾಂಗದ ಹಗಲಿಗೂ ನಿನ್ನ ಹಗಲಿಗೂ ಏಳೆಂಟು ನಿಮಿಷ ವ್ಯತ್ಯಾಸ ಬರುತ್ತದೆ. ನಿನ್ನ ಸೂತ್ರ ಸೂರ್ಯನನ್ನು ಒಂದು ಚುಕ್ಕಿ ಅಂತ ಹಿಡಿದಿದೆ, ಗಾಳಿ ಬೆಳಕನ್ನು ಬಗ್ಗಿಸುವುದನ್ನೂ ಬಿಟ್ಟಿದೆ. ತಪ್ಪಲ್ಲ, ಬರೆದು ತಿಳಿಸು.

ಪಾವಗಡದ ಬಿಸಿಲು · ಬುಧವಾರ ರಾತ್ರಿ 8:15

ಬರೆಯುತ್ತೇನೆ ಸರ್. ಇನ್ನೆರಡು ಪ್ರಶ್ನೆ. ಅಕ್ಷಗಳಿಗೆ ಕನ್ನಡದಲ್ಲೇ ಹೆಸರು ಬರೆಯಬೇಕು ಅಂತ ಆಸೆ. ಎಕ್ಸ್‌ಲೇಬಲ್ ಒಳಗೆ 'ಹೊತ್ತು' ಅಂತ ಹಾಕಿದರೆ ತ ಅಕ್ಷರದ ಒತ್ತು ಬೇರೆಯಾಗಿ ಪಕ್ಕದಲ್ಲಿ ಬಂದು ಕೂರುತ್ತದೆ. ನೋಡಲು ಸಂಕಟ. ಎರಡನೆಯದು, ನನ್ನ ಗ್ರಾಫಿನ ಮಧ್ಯಾಹ್ನ 12ಕ್ಕೂ ಗಡಿಯಾರದ 12ಕ್ಕೂ ಹೊಂದುವುದಿಲ್ಲ. ಹಾಸ್ಟೆಲ್ ಮಹಡಿ ಮೇಲೆ ಕೋಲು ನಿಲ್ಲಿಸಿ ನೋಡಿದೆ, ನೆರಳು ಅತಿ ಚಿಕ್ಕದಾಗುವುದು 12 ದಾಟಿ ಆಮೇಲೆ.

ಶಿರಾ ಗೇಟ್ · ಬುಧವಾರ ರಾತ್ರಿ 8:50

ಒತ್ತಕ್ಷರದ ಕಷ್ಟ ನನಗೂ ಆಗಿದೆ. ಗೆರೆ ಮಾತ್ರ ಆಕ್ಟೇವಿನಲ್ಲಿ ಬಿಡಿಸಿ, ಪ್ರಿಂಟ್ ಆಜ್ಞೆಯಲ್ಲಿ ಎಸ್‌ವಿಜಿ ಚಿತ್ರದ ಫೈಲ್ ಮಾಡಿ ಉಳಿಸುತ್ತೇನೆ. ಆಮೇಲೆ ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರಿನಲ್ಲಿ ತೆರೆದು ಕನ್ನಡ ಹೆಸರು ಕೂರಿಸುತ್ತೇನೆ. ಐದು ನಿಮಿಷದ ಕೆಲಸ, ಅಕ್ಷರ ದುಂಡಗೆ ಬರುತ್ತದೆ. ಕನ್ನಡ ಬಿಡಬೇಡಿ.

ಗುಬ್ಬಿ ಮೇಷ್ಟ್ರು · ಬುಧವಾರ ರಾತ್ರಿ 9:04

ಕೋಲಿನದ್ದು ನಾನು ಹೇಳುತ್ತೇನೆ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಹೊತ್ತಿಗೆ. ಪಾವಗಡ ಇರುವುದು 77.28ರ ಹತ್ತಿರ. 5.22 ಡಿಗ್ರಿ ಪಡುವಣಕ್ಕೆ. ಡಿಗ್ರಿಗೆ 4 ನಿಮಿಷ ಅಂದರೆ 21 ನಿಮಿಷ ತಡ. ತುಮಕೂರಿಗೂ ಒಂದು ನಿಮಿಷದೊಳಗಿನ ವ್ಯತ್ಯಾಸ ಅಷ್ಟೇ. ಇದರ ಮೇಲೆ ಸೂರ್ಯನೇ ವರ್ಷದಲ್ಲಿ ಹಿಂದೆ ಮುಂದೆ ಆಗುತ್ತಾನೆ. ನವೆಂಬರ್ ಮೊದಲ ವಾರ 16 ನಿಮಿಷ ಮುಂದೆ, ಫೆಬ್ರವರಿ ನಡುವೆ 14 ನಿಮಿಷ ಹಿಂದೆ. ಅದಕ್ಕೂ ಒಂದು ಸೂತ್ರ ಇದೆ, ಅದರ ಗ್ರಾಫ್ ಎರಡು ಗೂನಿನ ಒಂಟೆ ಥರ ಇರುತ್ತದೆ. ಮುಂದಿನ ವಾರ ಬಿಡಿಸು.

ಪಾವಗಡದ ಬಿಸಿಲು · ಬುಧವಾರ ರಾತ್ರಿ 11:30

ಬಿಡಿಸುತ್ತೇನೆ ಸರ್. ಇವತ್ತು ಇನ್ನೊಂದು ಗೆರೆ ಹಾಕಿ ನೋಡಿದೆ. ಕ್ರಾಂತಿ 14.1 ಆಗುವ ದಿನ ಯಾವುದು ಅಂತ. ಸೂರ್ಯನ ಕ್ರಾಂತಿಯ ಗೆರೆ, ಅದು ಅಳಿಸದ ಹಾಗೆ ಹೋಲ್ಡ್ ಆನ್ ಮಾಡಿ ಅದರ ಮೇಲೆ 14.1ರ ಅಡ್ಡಗೆರೆ. ಎರಡು ಕಡೆ ಸೇರುತ್ತವೆ, ಏಪ್ರಿಲ್ 28ರ ಹತ್ತಿರ, ಆಗಸ್ಟ್ 14ರ ಹತ್ತಿರ. ಆ ಎರಡು ದಿನ ನಮ್ಮೂರಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಕಂಬಕ್ಕೆ ನೆರಳೇ ಇರಬಾರದು. ನೀವು ಹೇಳಿದ 21 ನಿಮಿಷ, ಏಪ್ರಿಲ್ ಕೊನೆಗೆ ಸೂರ್ಯ ಎರಡು ನಿಮಿಷ ಮುಂದೆ ಅಂತ ಪಟ್ಟಿಯಲ್ಲಿ ನೋಡಿದೆ, ಹಾಗಾಗಿ 12 ಗಂಟೆ 18 ಅಥವಾ 19 ನಿಮಿಷಕ್ಕೆ.

ಏಪ್ರಿಲ್ 28ಕ್ಕೆ ಊರಿಗೆ ಹೋಗುತ್ತಿದ್ದೇನೆ. ಮನೆ ಮುಂದೆ ದನ ಕಟ್ಟುವ ಗೂಟ ಇದೆ. ಅಪ್ಪನಿಗೂ ಅಜ್ಜಿಗೂ ಹೇಳಿದ್ದೇನೆ. ಮೋಡ ಇಲ್ಲದಿದ್ದರೆ ಫೋಟೊ ಹಾಕುತ್ತೇನೆ.

ಗುಬ್ಬಿ ಮೇಷ್ಟ್ರು · ಗುರುವಾರ ಬೆಳಗ್ಗೆ 6:10

ಗೂಟ ಓರೆ ಇರುತ್ತದೆ ತಾಯಿ, ದನ ಎಳೆದಿರುತ್ತವೆ. ಬೇರೆ ಕೋಲು ನೆಡು. ದಾರಕ್ಕೆ ಕಲ್ಲು ಕಟ್ಟಿ ಪಕ್ಕದಲ್ಲಿ ಇಳಿಬಿಟ್ಟು ನೆಟ್ಟಗಿದೆಯಾ ಅಂತ ಎರಡು ಕಡೆಯಿಂದ ನೋಡು. ಆಮೇಲೆ ನೆರಳು ನೋಡು.